ರೇಡಿಯೇಟರ್ ಸಾಬರು ಮತ್ತು ಇಪ್ಪತ್ತೇಳನೇ ಪಾತ್ರೆ

1997ರ ನವೆಂಬರ್ 9, ಭಾನುವಾರ. ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಇವತ್ತು ಕಾರಿಗೆ ಬಾಡಿಗೆ ಇಲ್ಲ. ಅವರು ತೀರಿಕೊಂಡು ಇಂದಿಗೆ ಹದಿನೇಳು ದಿನವಾಯಿತು.

ಅವರ ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಅವರ ಹೆಂಡತಿಯನ್ನು ಕೇಳಿದ್ದೆ. "ಎಸ್ರು ಬ್ಯಾಡಪ್ಪ. ಅವ್ರ ಕೆಲ್ಸ ಬರಿ. ತಪ್ಪಾಗಿದ್ದನ್ನೂ ಬರಿ, ಮುಚ್ಚಬ್ಯಾಡ. ಎಸ್ರೊಂದು ಬ್ಯಾಡ" ಎಂದರು. ಅವರ ಹೆಸರು ಗೊತ್ತಿದ್ದವರೂ ಕಡಿಮೆ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಕಾರು, ಲಾರಿ, ಟ್ರಾಕ್ಟರು ಇಟ್ಟುಕೊಂಡಿದ್ದವರಿಗೆಲ್ಲ ಅವರು ರೇಡಿಯೇಟರ್ ಸಾಬರು.

ಅವರನ್ನು ನೆನೆಯುವುದರ ಜೊತೆಗೆ ಇದನ್ನು ಪತ್ರಿಕೆಗೆ ಬರೆಯಲು ಇನ್ನೊಂದು ಕಾರಣವಿದೆ. ಅವರ ಕೈಯಿಂದ ಹೋದ ಒಂದು ಹಿತ್ತಾಳೆ ಪಾತ್ರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲೋ, ಯಾರದೋ ಅಡುಗೆಮನೆಯಲ್ಲಿದೆ. ಅದರಲ್ಲಿ ಅಡುಗೆ ಮಾಡಬಾರದು. ಅದನ್ನು ಆ ಮನೆಯವರಿಗೆ ತಲುಪಿಸಿದವನು ನಾನು.

ನಾನು ಪಾಂಡವಪುರದವನು, ವಯಸ್ಸು ಇಪ್ಪತ್ತೈದು. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಅವರ ಅಂಬಾಸಿಡರ್ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದೇನೆ. ಕಾರಿನಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ದಿನಾಂಕ, ಹೋದ ಊರು, ಓಡಿದ ಕಿಲೋಮೀಟರು, ಆ ದಿನ ರೇಡಿಯೇಟರಿಗೆ ಸುರಿದ ನೀರು ಎಷ್ಟು ಲೀಟರು, ಎಲ್ಲವನ್ನೂ ಬರೆಯುತ್ತೇನೆ. ಇಲ್ಲಿ ಬರುವ ತಾರೀಖುಗಳು ಅದರಲ್ಲಿರುವವು.

ಅವರನ್ನು ಮೊದಲು ನೋಡಿದ್ದು 1994ರ ಜುಲೈ 16ರಂದು. ಕೆ.ಆರ್. ಪೇಟೆಯಿಂದ ನಾಲ್ಕು ಜನರನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಬರುತ್ತಿದ್ದೆ. ಚಿನಕುರಳಿ ದಾಟುವಾಗ ರೇಡಿಯೇಟರ್ ಸೋರಲು ಶುರುವಾಯಿತು. ಕಲ್ಲು ಲಾರಿಯ ಡ್ರೈವರೊಬ್ಬ ನಿಲ್ಲಿಸಿ, ಒಂದು ಹಿಡಿ ರಾಗಿಹಿಟ್ಟು ಹಾಕಿದರೆ ತೂತು ಮುಚ್ಚಿಕೊಳ್ಳುತ್ತದೆ ಎಂದ. ಹತ್ತಿರದ ಮನೆಯಲ್ಲಿ ಹಿಟ್ಟು ಕೇಳಿ ತಂದು, ಭದ್ರವಾಗಿರಲಿ ಎಂದು ಮೂರು ಹಿಡಿ ಹಾಕಿದೆ. ಸೋರುವುದು ನಿಂತಿತು. ಐದು ಕಿಲೋಮೀಟರಿಗೆ ಕಾರೂ ನಿಂತಿತು. ಹಿಂದೆ ಬಂದ ಅದೇ ಲಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಶ್ರೀರಂಗಪಟ್ಟಣದಲ್ಲಿ ಸಾಬರ ಅಂಗಡಿಯ ಮುಂದೆ ಇಳಿದೆವು.

ಸಾಬರು ಕಾರಿನ ಬಾನೆಟ್ ಎತ್ತಿಟ್ಟರು, ಆದರೆ ಏನನ್ನೂ ಮುಟ್ಟಲಿಲ್ಲ. ಮುಚ್ಚಳ ತೆಗೆಯಲು ನಾನು ಕೈಹಾಕಿದ್ದಕ್ಕೆ ಕೈಯ ಮೇಲೆ ಪಟ್ಟನೆ ಹೊಡೆದರು. "ಕೂತ್ಕೊ. ಅದು ಆರೋಗಂಟ ಯಾರೂ ಮುಟ್ಟಂಗಿಲ್ಲ." ಆಮೇಲೆ ತಮ್ಮ ಎಡ ಹುಬ್ಬಿನ ಜಾಗ ತೋರಿಸಿದರು. ಅಲ್ಲಿ ಹುಬ್ಬೇ ಇರಲಿಲ್ಲ. ನುಣುಪಾದ, ಹೊಳೆಯುವ ಚರ್ಮ ಮಾತ್ರ. ಇಪ್ಪತ್ತನೇ ವಯಸ್ಸಿನಲ್ಲಿ ಕುದಿಯುವ ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದರಂತೆ. "ಇದು ಮೊದ್ಲ್ನೇ ಪಾಠಕ್ಕೆ ಕಟ್ಟಿದ ಫೀಸು. ನಿಂಗೆ ಪುಕ್ಕಟೆ ಏಳ್ಕೊಡ್ತಾ ಇವ್ನಿ."

ಮುಕ್ಕಾಲು ಗಂಟೆ ಕಳೆದ ಮೇಲೆ ಬಿಚ್ಚಿದರು. ಒಳಗಿನಿಂದ ಕಂದು ಬಣ್ಣದ ಗಟ್ಟಿ ಅಂಬಲಿ ಬಂತು. ಅದನ್ನು ಬೆರಳಲ್ಲಿ ತೆಗೆದು ನಮ್ಮೆಲ್ಲರ ಮುಖ ನೋಡಿದರು.

"ಯಾರಪ್ಪ ಮುದ್ದೆ ತಿರುವಿರೋರು?"

"ನಾನೇ ಸಾಬ್ರೇ."

"ಚೆನ್ನಾಗ್ ಬೆಂದದೆ. ಸಾರು ತಂದಿದ್ದೀಯಾ, ಇಲ್ಲಾ ಅದನ್ನೂ ನಾನೇ ಕಾಯಿಸ್ಬೇಕಾ?"

ನನ್ನ ಪ್ರಯಾಣಿಕರೇ ನಕ್ಕುಬಿಟ್ಟರು. ನಾನು ನೋಟ್‌ಬುಕ್ ತೆಗೆದು ಬರೆದುಕೊಳ್ಳುವುದನ್ನು ನೋಡಿ ಅವರು ನನಗೆ ಆವತ್ತೇ ಒಂದು ಹೆಸರಿಟ್ಟರು: ಲೆಕ್ಕದಪ್ಪ. ಕೊನೆಯವರೆಗೂ ಹಾಗೆಯೇ ಕರೆದರು.

ಅವರ ಅಂಗಡಿಯೆಂದರೆ ತಗಡಿನ ಚಾವಣಿ, ಸಿಮೆಂಟಿನ ಒಂದು ತೊಟ್ಟಿ, ಇದ್ದಿಲ ಒಲೆ, ಗೋಡೆಗೆ ಎರಡು ಮೊಳೆ. ರೇಡಿಯೇಟರನ್ನು ಮುಂದೆ ಇಟ್ಟರೆ ಮೊದಲು ಉಗುರಿನಿಂದ ತಟ್ಟಿ ಕಿವಿ ಇಡುತ್ತಿದ್ದರು. ಒಳಗೆ ಸುಣ್ಣ ಕಟ್ಟಿದ್ದರೆ ಸದ್ದು ಮೊಂಡಾಗಿ ಬರುತ್ತದೆ. "ಬೆಳಗೊಳದ ಕಾರು ತುಕ್ಕಿಡಿದು ಬತ್ತದೆ. ನಾಗಮಂಗಲದ್ದು ಬೋರ್ ನೀರು ಕುಡ್ದು ಸುಣ್ಣ ಕಟ್ಕಂಡ್ ಬತ್ತದೆ. ಚಿನಕುರಳಿದು ಕಲ್ಲಿನ ಧೂಳು ಮೆತ್ಕಂಡ್ ಬತ್ತದೆ. ನಾನು ನಂಬರ್ ಪ್ಲೇಟ್ ಯಾಕಪ್ಪ ನೋಡ್ಲಿ?" ಎನ್ನುತ್ತಿದ್ದರು. ನಾನು ಪರೀಕ್ಷೆ ಮಾಡಿದೆ. ಕಾರಿನವರು ಬಾಯಿ ಬಿಡುವ ಮೊದಲು ಅವರು ಊರು ಹೇಳಿದ್ದು ಒಂಬತ್ತು ಸಲ, ತಪ್ಪಿದ್ದು ಒಂದು.

ರೇಡಿಯೇಟರಿನ ಆರೈಕೆಯನ್ನು ನಾನು ಕಲಿತದ್ದು ಅವರಿಂದಲೇ. ಬೋರ್ ನೀರು ಹಾಕಬೇಡ, ಮಳೆ ನೀರು ಹಿಡಿದಿಟ್ಟುಕೋ ಎಂದರು. ನಮ್ಮ ಮನೆಯ ಹಂಚಿನ ಕೆಳಗೆ ಅಂದಿನಿಂದ ಒಂದು ಡ್ರಮ್ಮು ಕೂತಿದೆ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ನೀರು ನೋಡಬೇಕು. ಬಣ್ಣ ಕೆಂಪಾದರೆ ಪೂರ್ತಿ ಬಸಿದು ತೊಳೆಯಬೇಕು. ಕುದಿಯುವ ಇಂಜಿನ್ನಿಗೆ ತಣ್ಣೀರು ಸುರಿಯಬಾರದು, ಕಬ್ಬಿಣ ಸೀಳುತ್ತದೆ. ರಬ್ಬರ್ ಪೈಪನ್ನು ಕೈಯಲ್ಲಿ ಹಿಚುಕಿ ನೋಡಬೇಕು. ಮೆತ್ತಗಾಗಿದ್ದರೆ ಒಡೆಯುವುದಕ್ಕೆ ಮೊದಲೇ ಬದಲಾಯಿಸಬೇಕು. ಕೋರ್ ಎಂದು ಕರೆಯುವ ಜೇನುಗೂಡಿನಂಥ ನಡುಭಾಗಕ್ಕೆ ಹುಳು, ಹುಲ್ಲು, ಧೂಳು ಸಿಕ್ಕಿಕೊಳ್ಳುತ್ತವೆ; ಅದಕ್ಕೆ ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಹಾಯಿಸಬೇಕು. ಇಷ್ಟು ಮಾಡಿದ ಮೇಲೆ ನಾನು ದಿನಕ್ಕೆ ಸುರಿಯುತ್ತಿದ್ದ ನೀರು ಎರಡು ಲೀಟರಿನಿಂದ ಕಾಲು ಲೀಟರಿಗೆ ಇಳಿಯಿತು. ನೋಟ್‌ಬುಕ್ಕಿನ ಆ ಪುಟವನ್ನು ಅವರಿಗೆ ತೋರಿಸಿದೆ. ಅದನ್ನು ಬಂದವರಿಗೆಲ್ಲ ತೋರಿಸಿದರು.

ಬೆಸುಗೆ ಹಾಕಿದ ಮೇಲೆ ರೇಡಿಯೇಟರಿನ ಎರಡೂ ಬಾಯಿಗೆ ಬಿರಡೆ ಜಡಿದು, ಸೈಕಲ್ ಪಂಪಿನಿಂದ ಗಾಳಿ ತುಂಬಿ, ತೊಟ್ಟಿಯ ನೀರಿನಲ್ಲಿ ಮುಳುಗಿಸುತ್ತಿದ್ದರು. ಎಲ್ಲಿ ಗುಳ್ಳೆ ಬರುತ್ತದೋ ಅಲ್ಲಿ ತೂತು. "ನೂರು ಎಣ್ಸು, ಲೆಕ್ಕದಪ್ಪ." ನೂರರೊಳಗೆ ಒಂದು ಗುಳ್ಳೆ ಬಂದರೂ ಮತ್ತೆ ಒಲೆಗೆ. ಒಂದೇ ಜಾಗಕ್ಕೆ ಮೂರು ಸಲ ಬೆಸುಗೆ ಹಾಕುತ್ತಿದ್ದರು, ನಾಲ್ಕನೆಯದಕ್ಕೆ ಒಪ್ಪುತ್ತಿರಲಿಲ್ಲ. "ಇನ್ ಮೇಲೆ ನಾನು ಕಟ್ತಾ ಇರೋದು ಸೀಸಾನೇ ಒರ್ತು ನಿನ್ ರೇಡಿಯೇಟರ್ ಅಲ್ಲ. ಒಸಾದು ಆಕು."

ಬೆಸುಗೆಯ ಕಡ್ಡಿ ಸೀಸ ಮತ್ತು ತವರ ಬೆರೆಸಿ ಎರಕ ಹೊಯ್ದದ್ದು. ಇಡೀ ದಿನ ಅದರ ಹೊಗೆಯಲ್ಲಿ, ಅದರ ಬೂದಿಯಲ್ಲಿ ಅವರ ಕೈ. ಹಾಗಾಗಿ ಅವರಿಗೊಂದು ರೂಢಿಯಿತ್ತು, ಅವರ ತಂದೆಯ ಕಾಲದಿಂದ ಬಂದದ್ದು. ಪ್ರತಿ ರೇಡಿಯೇಟರ್ ಮುಗಿದ ಮೇಲೆ ಒಂದು ತುಂಡು ಬೆಲ್ಲ. ಡಬ್ಬಿಗೆ ಕೈಹಾಕಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಬೂದಿ ಮೆತ್ತಿದ ಅದೇ ಬೆರಳುಗಳಲ್ಲಿ. "ಒಗೆ ಗಂಟ್ಲಲ್ಲಿ ನಿಲ್ಲಲ್ಲ. ಬೆಲ್ಲ ಎಳ್ಕಂಡ್ ಓಯ್ತದೆ." ಪಾಂಡವಪುರದ ಅಚ್ಚು ಬೆಲ್ಲವೇ ಆಗಬೇಕು, ತಿಂಗಳಿಗೊಂದು ಸಲ ನಾನೇ ತಂದುಕೊಡುತ್ತಿದ್ದೆ. ಒಂದು ದಿನ ಅವರೊಂದಿಗೆ ಕೂತು ನೋಡಿದೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಏಳು ತುಂಡು.

1996ರ ನವೆಂಬರ್ 12ರಂದು ನನ್ನ ಕಾರಿನ ರೇಡಿಯೇಟರಿಗೆ ಮೂರು ಬೆಸುಗೆ ಮುಗಿದು ಹೊಸದನ್ನು ಹಾಕುವ ಸರದಿ ಬಂತು. ಬೇರೆಯವರು ಅರ್ಧ ದಿನ ತೆಗೆದುಕೊಳ್ಳುವ ಕೆಲಸವನ್ನು ಅವರು ಒಂದೂಕಾಲು ಗಂಟೆಯಲ್ಲಿ ಮಾಡುತ್ತಿದ್ದರು. ಕೆಳಗಿನ ಕೊಳಾಯಿ ಬಿಟ್ಟು ನೀರು ಬಸಿದರು. ಮೇಲಿನ ಪೈಪು, ಕೆಳಗಿನ ಪೈಪು ಕಳಚಿದರು. ನಾಲ್ಕು ಬೋಲ್ಟು ಬಿಚ್ಚಿ, ಹಳೆಯದನ್ನು ಕೂಸನ್ನು ಎತ್ತುವ ಹಾಗೆ ನೇರವಾಗಿ ಮೇಲಕ್ಕೆತ್ತಿದರು. ಕೂರುವ ಜಾಗವನ್ನು ಒರೆಸಿ, ರಬ್ಬರ್ ತುಂಡು ಇಟ್ಟು ಹೊಸದನ್ನು ಕೂರಿಸಿದರು. ಮುಚ್ಚಳ ತೆಗೆದೇ ಇಂಜಿನ್ ಓಡಿಸಿ, ಒಳಗಿನ ಗಾಳಿಯೆಲ್ಲ ಗುಳುಗುಳು ಎಂದು ಹೊರಬರುವವರೆಗೆ ಸ್ವಲ್ಪ ಸ್ವಲ್ಪವೇ ಮಳೆ ನೀರು ತುಂಬಿದರು.

ಆವತ್ತು ಮಧ್ಯಾಹ್ನ ಪಾಂಡವಪುರ ಇನ್ನೂ ಮೂರು ಕಿಲೋಮೀಟರ್ ಇರುವಾಗ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲಕ್ಕೇರಿತು. ಇಳಿದು ಬಗ್ಗಿ ನೋಡಿದೆ. ಕೆಳಗಿನ ಪೈಪಿನ ಕ್ಲಿಪ್ಪನ್ನು ಅವರು ಬಿಗಿಯೇ ಮಾಡಿರಲಿಲ್ಲ. ಹೊಸ ರೇಡಿಯೇಟರಿನ ನೀರೆಲ್ಲ ರಸ್ತೆಯ ಮೇಲೆ ಒಂದು ಉದ್ದನೆಯ ಗೆರೆಯಾಗಿ ಹಿಂದಕ್ಕೆ ಹೋಗಿತ್ತು.

ಮರುದಿನ ಹೋಗಿ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. "ಬಿಗಿ ಮಾಡಿದ್ನಲ್ಲಾ?" ಎಂದು ತಮ್ಮ ಬಲಗೈಯನ್ನು ಕೇಳುವವರಂತೆ ನೋಡಿದರು. ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಒಂದು ಸಣ್ಣ ಗುಣಿಸು ಗುರುತು ಹಾಕಿಕೊಂಡೆ. ಅವರು ತಪ್ಪಿದ್ದಕ್ಕೆ ಹಾಕಿದ ಮೊದಲ ಗುರುತು ಅದು.

ಡಿಸೆಂಬರಿನಲ್ಲಿ ಅರ್ಧ ಗಂಟೆಯೊಳಗೆ ನನ್ನನ್ನು ಮೂರು ಸಲ "ಯಾವೂರ್ ನೀರು ಆಕಿದ್ದೀಯ?" ಎಂದು ಕೇಳಿದರು. ಎರಡನೇ ಗುರುತು. ಜನವರಿಯಲ್ಲಿ ಕಾದ ಬೆಸುಗೆ ಕಬ್ಬಿಣ ಕೈಜಾರಿ ಅವರ ಪಾದದ ಪಕ್ಕದಲ್ಲೇ ಬಿತ್ತು. ಬಲ ಮಣಿಕಟ್ಟು ಮೇಲಕ್ಕೆ ಏಳುತ್ತಿರಲಿಲ್ಲ. ಹಸ್ತವು ಮೊಳೆಗೆ ಹಾಕಿದ ಖಾಲಿ ಕೈಚೀಲದಂತೆ ಜೋತಿತ್ತು. ಅದನ್ನು ಎಡಗೈಯಿಂದ ಎತ್ತಿ ಕಬ್ಬಿಣದ ಹಿಡಿಯ ಮೇಲೆ ಇಟ್ಟುಕೊಂಡು ಕೆಲಸ ಮುಂದುವರಿಸಿದರು. "ರಾತ್ರಿ ಕೈ ಮೇಲೆ ಮಲ್ಗಿದ್ದೆ ಕಣಪ್ಪ" ಎಂದರು. ಆ ತಿಂಗಳಲ್ಲೇ ಹೊಟ್ಟೆ ನೋವೆಂದು ತೊಟ್ಟಿಯ ಅಂಚಿಗೆ ಹೊಟ್ಟೆ ಒತ್ತಿಕೊಂಡು ನಿಂತದ್ದನ್ನು ಎರಡು ಸಲ ನೋಡಿದೆ. ನೋವು ಇಳಿಯಲೆಂದು ಬೆಲ್ಲ ತಿಂದರು. ಫೆಬ್ರವರಿ ಹೊತ್ತಿಗೆ ಅಂಚಿನಲ್ಲಿ ಏಳು ಗುರುತುಗಳಾಗಿದ್ದವು. ಅವನ್ನು ನಾನು ಯಾರಿಗೂ ತೋರಿಸಲಿಲ್ಲ, ಅವರಿಗೂ ಕೂಡ.

ಇನ್ನು ಪಾತ್ರೆಗಳ ವಿಷಯ. ಅವರ ತಂದೆ, ತಾತ ಕಲಾಯಿ ಹಾಕುವವರು. ಹಿತ್ತಾಳೆ ಪಾತ್ರೆಯ ಒಳಗೆ ತವರ ಬಳಿದು ಬೆಳ್ಳಗೆ ಮಾಡದಿದ್ದರೆ ಅದರಲ್ಲಿ ಹುಳಿ ಬೇಯಿಸುವ ಹಾಗಿಲ್ಲ. ಸ್ಟೀಲ್ ಬಂದ ಮೇಲೆ ಆ ಕೆಲಸ ಸೊರಗಿತು, ಇವರು ರೇಡಿಯೇಟರ್ ಹಿಡಿದರು. ಆದರೂ ಯುಗಾದಿಗೆ ಮುಂಚಿನ ಆರು ವಾರ ಹಳೇ ಗಿರಾಕಿಗಳಿಗೆ ಕಲಾಯಿ ಹಾಕಿಕೊಡುತ್ತಿದ್ದರು. ನಾನು ನಾಲ್ಕೂ ತಾಲ್ಲೂಕು ತಿರುಗುವವನಾದ್ದರಿಂದ ಜನ ಪಾತ್ರೆಗಳನ್ನು ನನ್ನ ಡಿಕ್ಕಿಗೆ ಹಾಕುತ್ತಿದ್ದರು. ಒಯ್ದು ಕೊಡುವುದು, ವಾಪಸು ತಲುಪಿಸುವುದು. ಅದಲುಬದಲಾಗಬಾರದೆಂದು ಒಂದೊಂದರ ಗುರುತು, ಊರು, ಹೆಸರು ಬರೆದುಕೊಳ್ಳುತ್ತಿದ್ದೆ. ಈ ವರ್ಷ ಒಟ್ಟು ಇಪ್ಪತ್ತೇಳು.

ಕಲಾಯಿಗೆ ಶುದ್ಧ ತವರವೇ ಬೇಕು. ಸೀಸ ಬೆರೆತರೆ ವಿಷ. ಇದನ್ನು ಅವರು ನನಗೆ ಹತ್ತಾರು ಸಲ ಹೇಳಿದ್ದರು. ಎರಡೂ ಕಡ್ಡಿಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತಿದ್ದರಿಂದ ನೋಡಲು ಒಂದೇ ಥರ. ಸೀಸ ಬೆರೆತದ್ದು ಎಡ ಮೊಳೆಗೆ, ತವರ ಬಲ ಮೊಳೆಗೆ. ಸಾಲದೆಂದು ಇನ್ನೊಂದು ಪರೀಕ್ಷೆಯಿತ್ತು. ತವರದ ಕಡ್ಡಿಯನ್ನು ಕಿವಿಯ ಬಳಿ ಹಿಡಿದು ಬಗ್ಗಿಸಿದರೆ ಒಳಗಿನಿಂದ ಕಿರ್ರ್ ಎಂದು ಸಣ್ಣ ಸದ್ದು ಬರುತ್ತದೆ. "ತವರ ಅಳ್ತದೆ. ಸೀಸ ಬೆರ್ತ್ರೆ ಅಳಲ್ಲ. ಅಳ್ದೇ ಇರೋದ್ನ ಅಡ್ಗೆ ಪಾತ್ರೆಗೆ ಮುಟ್ಟಿಸ್ಬಾರ್ದು, ನಮ್ಮಪ್ಪನ ಆಣೆ." ನನ್ನ ಕಿವಿಗೂ ಎಷ್ಟೋ ಸಲ ಹಿಡಿದು ಕೇಳಿಸಿದ್ದರು.

ಮೇ 28ರಂದು ಪೈಪು ಕೂರುವ ಕತ್ತಿನ ಹತ್ತಿರ ಬಿರುಕು ಬಿಟ್ಟಿತೆಂದು ಕಾರು ತಂದೆ. ಕೆಲಸದ ನಡುವೆ "ಆ ಎಡಗಡೆ ಕಡ್ಡಿ ಕೊಡಪ್ಪ" ಎಂದರು. ತೆಗೆದೆ. ಸುಮ್ಮನೆ ಕೈಗೆ ಬಂದ ಚಾಳಿ, ಕಿವಿಯ ಹತ್ತಿರ ಬಗ್ಗಿಸಿದೆ.

ಅದು ಅತ್ತಿತು.

"ಸಾಬ್ರೇ, ಎಡಗಡೇದು ಅಳ್ತದೆ."

"ಏನಂದೆ?"

"ಅಳ್ತದೆ ಸಾಬ್ರೇ. ಇದು ತವರ."

ಬೆಸುಗೆ ಕಬ್ಬಿಣವನ್ನು ಒಲೆಗೆ ಹಾಕಿ ಎದ್ದು ಬಂದರು. ಬಲ ಮೊಳೆಯ ಕಡ್ಡಿ ತೆಗೆದು ನನಗೆ ಕೊಟ್ಟು, ತಮ್ಮ ತಲೆಯನ್ನು ನನ್ನ ತಲೆಗೆ ಒತ್ತಿ ನಿಂತರು. "ಬಗ್ಸು." ಬಗ್ಗಿಸಿದೆ. ಸದ್ದಿಲ್ಲ. ಇನ್ನೊಂದು. ಸದ್ದಿಲ್ಲ. ಆ ಮೊಳೆಯಲ್ಲಿದ್ದ ಐದೂ ಕಡ್ಡಿಗಳನ್ನು ಬಗ್ಗಿಸಿದೆ.

"ಯಾ ಅಲ್ಲಾ" ಎಂದು ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟರು.

"ಕಲಾಯಿ ಆಕೋ ಮುಂಚೆ ನೀವು ಬಗ್ಗಿಸ್ಲಿಲ್ವಾ?"

"ಈ ಸಲ ಬಗ್ಗಿಸ್ಲಿಲ್ಲ. ಕೈ ಆಗ್ಲಿಲ್ಲ. ಮೊಳೆ ನೋಡಿ ತಗಂಡೆ." ಆಮೇಲೆ ಕೇಳಿದರು, "ಮೊಳೆಗೆ ಸಿಗ್ಸಿದ್ದು ನಾನೇ ತಾನೆ?"

ನಾನು ನೋಟ್‌ಬುಕ್ ತೆರೆದೆ. ಫೆಬ್ರವರಿ 20ರಿಂದ ಏಪ್ರಿಲ್ 5ರವರೆಗೆ ಇಪ್ಪತ್ತೇಳು ಪಾತ್ರೆ. ಅದರಲ್ಲೊಂದು ನಮ್ಮ ಮನೆಯದು. ಅವ್ವ ಅದರಲ್ಲಿ ಎಂಟು ವಾರದಿಂದ ಹುಣಸೆಹುಳಿ ಬಿಟ್ಟು ಸಾರು ಕಾಯಿಸುತ್ತಿದ್ದಳು.

ಅವತ್ತೇ ಹೊರಟೆವು. ಮೊದಲು ನಮ್ಮ ಮನೆ. ಬಿಳಿ ಕಾಗದವನ್ನು ಪಾತ್ರೆಯ ಒಳಗೋಡೆಗೆ ಒತ್ತಿ ಉಜ್ಜಿದರೆ ಶುದ್ಧ ತವರ ಗುರುತು ಬಿಡುವುದಿಲ್ಲ, ಸೀಸ ಬೆರೆತದ್ದು ಪೆನ್ಸಿಲ್ಲಿನ ಹಾಗೆ ಕಪ್ಪು ಬಿಡುತ್ತದೆ. ಅವ್ವನ ಪಾತ್ರೆಗೆ ಉಜ್ಜಿದ ಕಾಗದ ಕಪ್ಪಾಯಿತು. ಅವ್ವ ಅದನ್ನೂ ನನ್ನನ್ನೂ ಒಂದೇ ಸಮ ನೋಡಿದಳು. "ಅದ್ರಲ್ಲೇ ಅಲ್ವಾ ಮಗ ನಿಮ್ಮಪ್ಪಂಗೂ ನಿಂಗೂ ದಿನಾ ಇಕ್ಕಿದ್ದು" ಎಂದಳು.

ದಾರಿಯಲ್ಲಿ ನಾನೊಂದು ಉಪಾಯ ಹೇಳಿದೆ. ಕಲಾಯಿ ತೆಳುವಾಗಿದೆ, ಇನ್ನೊಂದು ಸಲ ಹಾಕಿಕೊಡುತ್ತೇವೆ ಎಂದು ಹೇಳಿ ಪಾತ್ರೆ ಇಸಿದುಕೊಂಡರೆ ಸಾಕು, ಯಾರೂ ಗಾಬರಿಯಾಗುವುದಿಲ್ಲ, ಅಂಗಡಿಗೂ ಕೆಟ್ಟ ಹೆಸರಿಲ್ಲ. ಅವರು ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಅಂಗಂದ್ರೆ 'ನಾಳೆ ಕೊಡ್ತೀನಿ ಬುಡಿ' ಅಂತಾರೆ. ಇವತ್ತು ಅದ್ರಲ್ಲೇ ಒಲೆ ಮೇಲೆ ಇಡ್ತಾರೆ. ಇಸ ಅಂತ್ಲೇ ಏಳು."

ದೇವಲಾಪುರದ ಮನೆಯೊಂದರಲ್ಲಿ ಹಾಗೆಯೇ ಹೇಳಿದೆವು. ಆ ಮನೆಯ ಯಜಮಾನಿ ಪಾತ್ರೆಯನ್ನು ಸೊಂಟಕ್ಕೆ ಅಡ್ಡ ಹಿಡಿದು ನಿಂತರು. "ಬೆಳ್ಳಿ ಇದ್ದಂಗ್ ಒಳೀತದೆ, ಇಸ ಅಂತೀರಲ್ಲ. ನೀವೇನ್ ಪಾತ್ರೆ ಒಡ್ಕೊಂಡ್ ಓಗೋಕ್ ಬಂದ್ರಾ?"

"ಒಳೀತಾ ಇರೋದೇ ಇಸ ಕಣವ್ವ" ಎಂದರು ಸಾಬರು. "ನಾನೇ ಬಳ್ದಿದ್ದು. ನನ್ ಕೈ ನೋಡು." ಜೋತ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದರು. ಆಕೆ ಪಾತ್ರೆಯನ್ನು ನೆಲಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದರು. ನಾವು ಹೊರಡುವಾಗ ಕೇಳಿದರು: "ನನ್ ಮೊಮ್ಮಗ ವಾರದಿಂದ ಒಟ್ಟೆ ನೋವು ಅಂತ ಅಳ್ತಾವ್ನೆ. ಅದುಕ್ಕೂ ಇದೇನಾ?" ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿ ಎಂದೆವು. ಮೂರು ದಿನದ ಮೇಲೆ ನಾನು ಮತ್ತೆ ಹೋಗಿ ವಿಚಾರಿಸಿದೆ, ಹುಡುಗ ಗೆಲುವಾಗಿದ್ದ.

ಮೂರು ವಾರದಲ್ಲಿ ಇಪ್ಪತ್ತಾರು ಪಾತ್ರೆ ಸಿಕ್ಕವು. ಅವನ್ನೆಲ್ಲ ಕೆರೆದು, ಮೈಸೂರಿನಲ್ಲಿದ್ದ ಅವರ ನೆಂಟರೊಬ್ಬರಿಂದ ಹೊಸ ಕಲಾಯಿ ಹಾಕಿಸಿ ತಲುಪಿಸಿದೆ. ಪ್ರತಿ ಪಾತ್ರೆಗೆ ಉಜ್ಜಿದ ಕಾಗದದ ಮೇಲೆ ಊರು, ತಾರೀಖು ಬರೆದು ಜೋಡಿಸಿಟ್ಟಿದ್ದೇನೆ. ಇಪ್ಪತ್ತಾರು ಕಪ್ಪು ಕಾಗದಗಳಿವೆ.

ಸಿಗದೆ ಉಳಿದ ಇಪ್ಪತ್ತೇಳನೆಯದರ ಮುಂದೆ ನಾನು ಹೆಸರು ಬರೆದಿರಲಿಲ್ಲ. ಮಾರ್ಚ್ 11, ಮಂಗಳವಾರ. ಕೆ.ಆರ್. ಪೇಟೆ ಬಸ್ ನಿಲ್ದಾಣದ ಮುಂದೆ ಪ್ರಯಾಣಿಕರು ಅವಸರ ಮಾಡುತ್ತಿದ್ದರು. ಸುಮಾರು ಐವತ್ತರ ಹೆಂಗಸೊಬ್ಬರು ಪಾತ್ರೆಯನ್ನು ಡಿಕ್ಕಿಗಿಟ್ಟರು. "ಮಗ್ಳು ಬಾಣಂತನಕ್ಕೆ ಬತ್ತಾವ್ಳೆ ಕಣಪ್ಪ, ಬ್ಯಾಗ ತಂದ್ಕೊಡು. ಅವ್ಳ ಸಾರು ಇದ್ರಲ್ಲೇ ಕಾಯಿಸ್ಬೇಕು" ಎಂದರು. ಮುಂದಿನ ಮಂಗಳವಾರ, ಮಾರ್ಚ್ 18ರಂದು, ಅದೇ ಜಾಗಕ್ಕೆ ಬಂದು ತೆಗೆದುಕೊಂಡು ಹೋದರು. ನೋಟ್‌ಬುಕ್ಕಿನಲ್ಲಿರುವುದು ಇಷ್ಟೇ: 'ಕೆ.ಆರ್. ಪೇಟೆ ಬಸ್ ಸ್ಟ್ಯಾಂಡ್, ಹೆಂಗಸು, 1 ಪಾತ್ರೆ, ಕಂಠದಲ್ಲಿ 3 ಚುಕ್ಕಿ.' ಬಾಣಂತಿಯ ಮಾತು ನನ್ನ ನೆನಪಿನದು. ಮೂರು ವರ್ಷದಲ್ಲಿ ಹೆಸರು ಬರೆಯದೆ ಬಿಟ್ಟದ್ದು ಆ ಒಂದು ಸಲ.

ಜುಲೈಯಲ್ಲಿ ಅವರನ್ನು ಒತ್ತಾಯದಿಂದ ಮೈಸೂರಿನ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ತುಟಿ ಎತ್ತಿ ಒಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿಗಪ್ಪು ಗೆರೆಯಿತ್ತು. ಎಷ್ಟು ವರ್ಷದಿಂದ ಸೀಸದ ಕೆಲಸ ಎಂದು ಕೇಳಿದರು. ಮೂವತ್ತೊಂದು ವರ್ಷ. ಊಟಕ್ಕೆ ಮೊದಲು ಕೈ ತೊಳೆಯುತ್ತೀರಾ ಎಂದರು.

"ಊಟಕ್ಕೆ ಸೋಪಾಕಿ ತೊಳೀತೀನಿ" ಎಂದರು ಸಾಬರು. ಆಮೇಲೆ ತಾವಾಗಿಯೇ ನನ್ನ ಕಡೆ ತಿರುಗಿದರು. "ಬೆಲ್ಲಕ್ಕೆ ಯಾರಪ್ಪ ಕೈ ತೊಳೀತಾರೆ?"

ಬೆಲ್ಲ ತಂದುಕೊಡುತ್ತಿದ್ದವನು ನಾನು. ಡಾಕ್ಟರು ಇನ್ನು ಕೆಲಸ ಮಾಡಬೇಡಿ ಎಂದರು. ಕಾರು ಶ್ರೀರಂಗಪಟ್ಟಣ ಮುಟ್ಟುವವರೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ದೊಡ್ಡೋರ್ಗೇ ಇಂಗಾದ್ರೆ, ಆಗ್ತಾನೇ ಉಟ್ಟಿದ್ ಮಗೀಗೆ?"

ಅಂಗಡಿ ಮುಚ್ಚಿದರು. ಸೀಸದ ಕಡ್ಡಿಗಳನ್ನು ಮಾರದೆ ಗುಂಡಿ ತೋಡಿ ಹೂಳಿಸಿದರು. ಅಲ್ಲಿಂದ ಪ್ರತಿ ಮಂಗಳವಾರ ನನ್ನ ಜೊತೆ ಕೆ.ಆರ್. ಪೇಟೆಗೆ ಬಂದರು. ಬೆಳಗ್ಗೆ ಒಂಬತ್ತಕ್ಕೆ ಬಸ್ ನಿಲ್ದಾಣದಲ್ಲಿ ಇಳಿಸಿದರೆ ಮಧ್ಯಾಹ್ನ ಮೂರಕ್ಕೆ ಮತ್ತೆ ಹತ್ತಿಸಿಕೊಳ್ಳುತ್ತಿದ್ದೆ. ಬಸ್ಸಿನಿಂದ ಇಳಿಯುವ ವಯಸ್ಸಾದ ಹೆಂಗಸರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದರು: "ಅವ್ವ, ಯುಗಾದಿ ಮುಂದೆ ಕಲಾಯಿಗೆ ಪಾತ್ರೆ ಕೊಟ್ಟಿದ್ರಾ? ಮೂರು ಚುಕ್ಕಿದು?" ಕೆಲವರು ನಿಂತು ಕೇಳುತ್ತಿದ್ದರು. ಕೆಲವರು ಬೈದು ಹೋಗುತ್ತಿದ್ದರು. ಪೇಟೆಯ ಹುಡುಗರು "ಪಾತ್ರೆ ಸಾಬ್ರು ಬಂದ್ರು ಕಣ್ಲಾ" ಎಂದು ರೇಗಿಸಿದರೆ, "ಬಂದೆ ಕಣ್ರಪ್ಪ, ನಿಮ್ಮಜ್ಜೀನೂ ಕೇಳ್ರಿ" ಎನ್ನುತ್ತಿದ್ದರು. ಹನ್ನೊಂದು ಮಂಗಳವಾರ ಬಂದರು. ಹನ್ನೆರಡನೆಯದಕ್ಕೆ ಹಾಸಿಗೆಯಿಂದ ಏಳಲಾಗಲಿಲ್ಲ. ಅಲ್ಲಿಂದ ಮುಂದೆ ನಾನೊಬ್ಬನೇ ಹೋಗಿ ಕೇಳಿದೆ.

ಅಕ್ಟೋಬರ್ 20ರ ಸಂಜೆ ನಾಲ್ಕು ಗಂಟೆಗೆ ಅವರನ್ನು ಕೊನೆಯ ಸಲ ನೋಡಿದೆ. ಮಾತು ತೊದಲುತ್ತಿತ್ತು. ಎಷ್ಟೋ ಜನರ ಗುರುತು ಮರೆತಿತ್ತು, ನನ್ನದು ಇತ್ತು. ಅವರ ಹೆಂಡತಿ ಬಾಗಿಲ ಬಳಿಯೇ ನನ್ನನ್ನು ತಡೆದು ಹೇಳಿದ್ದರು: "ಸಿಕ್ತು ಅಂದ್ಬುಡು ಬೇಟಾ. ಅಷ್ಟಂದ್ರೆ ಕಣ್ಣಾದ್ರೂ ಮುಚ್ತಾರೆ. ಮೂರು ದಿನದಿಂದ ನಿದ್ದೆ ಇಲ್ಲ."

"ಸಿಕ್ತಾ?" ಎಂದರು.

"ಸಿಕ್ತು ಸಾಬ್ರೇ. ನಿನ್ನೆ ಸಿಕ್ತು."

ಅವರು ಎಡಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ನನ್ನ ಮುಂದೆ ಚಾಚಿದರು.

"ಕಾಗ್ದ ಕೊಡು."

ನನ್ನ ಬಳಿ ಆ ಪಾತ್ರೆಗೆ ಉಜ್ಜಿದ ಕಾಗದ ಇರಲಿಲ್ಲ. ಮನೆಯಲ್ಲಿ ಮರೆತು ಬಂದೆ ಎಂದೆ. ಅವರ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಅದನ್ನು ಒಳಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. "ಲೆಕ್ಕದಪ್ಪ ಸುಳ್ ಬರೀಬಾರ್ದು" ಎಂದರು. ಅಕ್ಟೋಬರ್ 23ರ ಬೆಳಗ್ಗೆ ತೀರಿಕೊಂಡರು.

ಈಗ ಒಂಬತ್ತೂವರೆ. ಇದನ್ನು ಓದುವವರಲ್ಲಿ ಕೆ.ಆರ್. ಪೇಟೆಯ ಸುತ್ತಿನ ಹಳ್ಳಿಗಳವರು, ಆ ಕಡೆ ನೆಂಟರಿರುವವರು ಇದ್ದರೆ ದಯವಿಟ್ಟು ಮನೆಯಲ್ಲಿ ವಿಚಾರಿಸಿ. ಪಾತ್ರೆ ಹಿತ್ತಾಳೆಯದು, ನಾಲ್ಕು ಸೇರು ಹಿಡಿಯುತ್ತದೆ, ಕಂಠದ ಮೇಲೆ ಸಾಲಾಗಿ ಮೂರು ಚುಕ್ಕಿ ಕೊರೆದಿದೆ. ಕೊಟ್ಟವರು ಈ ವರ್ಷದ ಮಾರ್ಚಿನಲ್ಲಿ ಮಗಳ ಬಾಣಂತನಕ್ಕೆ ಕಾಯುತ್ತಿದ್ದರು. ಅದು ಕಂಡರೆ ಅದರಲ್ಲಿ ಏನನ್ನೂ ಬೇಯಿಸಬೇಡಿ, ನೀರನ್ನೂ ಇಡಬೇಡಿ. ಒಳಗೆ ಬಿಳಿ ಕಾಗದ ಉಜ್ಜಿ, ಆ ಕಾಗದವನ್ನು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಪತ್ರಿಕೆಯವರು ನನಗೆ ಮುಟ್ಟಿಸುತ್ತಾರೆ, ನಾನೇ ಬಂದು ಪಾತ್ರೆ ಒಯ್ಯುತ್ತೇನೆ. ಪಾತ್ರೆ ಮಾರಿದ್ದರೆ, ಯಾರಿಗಾದರೂ ಕೊಟ್ಟಿದ್ದರೆ, ಅದನ್ನಾದರೂ ತಿಳಿಸಿ. ಆ ಬಾಣಂತಿ, ಆ ಮಗು ಹೇಗಿದ್ದಾರೆಂದು ಒಂದು ಸಾಲು ಬರೆಯಿರಿ. ಹೇಗಿದ್ದರೂ ಬರೆಯಿರಿ.